ಯಂತ್ರದ ಬುದ್ಧಿ, ಮನುಷ್ಯನ ಹೊಣೆ

(ಅಹಮದಾಬಾದಿನ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಸೈನಿಕನಲ್ಲ, ಕಡತಗಳ ನಡುವೆ ಬಾಳಿದ ಕೇಂದ್ರ ಸರ್ಕಾರದ ಅಧಿಕಾರಿ. ಆದರೂ ಈ ವಿಷಯ ನಮಗೆ ದೂರದ್ದಲ್ಲ. ಸೇನಾ ಸಾಗಣೆಯ ಸಿ-295 ವಿಮಾನಗಳ ಕಾರ್ಖಾನೆ 2024ರಲ್ಲಿ ವಡೋದರೆಯಲ್ಲಿ ಉದ್ಘಾಟನೆಗೊಂಡಿತು. ಸೂರತ್ತಿನ ಹೆಸರು ಹೊತ್ತ ಯುದ್ಧನೌಕೆ 2025ರ ಜನವರಿ 15ರಂದು ನೌಕಾಪಡೆಯನ್ನು ಸೇರಿತು. ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿಕೊಂಡ ನಮ್ಮ ಮೊದಲ ಯುದ್ಧನೌಕೆಯೆಂದು ಅದನ್ನು ಬಣ್ಣಿಸಲಾಗಿದೆ. ಈ ವಿದ್ಯೆಗೆಂದೇ ಡಿ.ಆರ್.ಡಿ.ಒ. 1986ರಲ್ಲಿ ಕೇಂದ್ರವೊಂದನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲಿ.

ಯಂತ್ರದ ವೇಗವನ್ನು ನಾನು ಹೀಗಳೆಯಲಾರೆ. ಆದರೆ ಅದು ಕಲಿಯುವುದು ಹಿಂದಿನ ನಿದರ್ಶನಗಳಿಂದ. ಶತ್ರುವಿನ ಚಾತುರ್ಯವಿರುವುದೋ ಹಿಂದೆಂದೂ ಕಾಣದ್ದನ್ನು ಮುಂದೊಡ್ಡುವುದರಲ್ಲಿ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಸಾರಿತು. ಮೋಡಗಳ ಮೇಲಿನ ಬಿಸಿಲಿನ ಪ್ರತಿಫಲನ ಉಪಗ್ರಹವನ್ನು ವಂಚಿಸಿತ್ತು. ಪಾಳಿಯಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್, ನಿಜವಾದ ದಾಳಿ ಐದೇ ಕ್ಷಿಪಣಿಗಳಿಂದ ಆರಂಭವಾಗದೆಂದು ತರ್ಕಿಸಿ, ಅದು ಹುಸಿಯೆಂದು ವರದಿ ಮಾಡಿದರು. ಆ ಸಂದೇಹ ಯಂತ್ರದಲ್ಲಿರಲಿಲ್ಲ.

ನಮ್ಮ ಗುಜರಾತಿನದೇ ನೆನಪೊಂದಿದೆ. 1965ರ ಸೆಪ್ಟೆಂಬರ್ 19ರಂದು ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಅವರ ವಿಮಾನವನ್ನು ಪಾಕಿಸ್ತಾನದ ಯುದ್ಧವಿಮಾನ ಕಚ್ಛದಲ್ಲಿ ಹೊಡೆದುರುಳಿಸಿತು. ಎಂಟೂ ಮಂದಿ ಅಸುನೀಗಿದರು. ಅದು ನಾಗರಿಕ ವಿಮಾನವೆಂದು ತಾನು ತಿಳಿಸಿದರೂ ನೆಲದಿಂದ ಹೊಡೆಯುವ ಆಜ್ಞೆ ಬಂದಿತೆಂದು ಪೈಲಟ್ ಕೈಸ್ ಹುಸೇನ್ ಮುಂದೆ ಹೇಳಿಕೊಂಡರು. ಅಂದು ಕೃತಕ ಬುದ್ಧಿ ಇರಲಿಲ್ಲ, ನಿಜ. ಆದರೆ ಕಣ್ಣಾರೆ ಕಂಡವನ ಸಂದೇಹಕ್ಕಿಂತ ದೂರದ ಆಜ್ಞೆಯೇ ಮೇಲಾಯಿತು. ನಾಳೆ ಆ ಆಜ್ಞೆಯ ಸ್ಥಾನದಲ್ಲಿ ಗಣಕದ ತೀರ್ಪು ಕುಳಿತರೆ?

'ಕೊನೆಯ ಗುಂಡಿ ಮನುಷ್ಯನ ಕೈಯಲ್ಲೇ ಇರುತ್ತದೆ' ಎಂಬ ಸಮಾಧಾನ ನನಗೆ ಸಾಲದು. ಗಣಕ ಸಿದ್ಧಪಡಿಸಿದ ತಃಖ್ತೆಗಳಿಗೆ, ಅವು ಅಚ್ಚುಕಟ್ಟಾಗಿವೆಯೆಂಬ ಒಂದೇ ಕಾರಣಕ್ಕೆ, ನಾನೇ ಓದದೆ ಸಹಿ ಹಾಕಿದ್ದುಂಟು. ಅಲ್ಲಿ ತಪ್ಪಿದರೆ ತಿದ್ದುಪಡಿ ಸಾಧ್ಯ, ಕ್ಷಿಪಣಿಗೆ ತಿದ್ದುಪಡಿಯಿಲ್ಲ. ಸಹಿ ಹಾಕುವವನಿಗೆ ಓದಲು ಸಮಯ, ಪ್ರಶ್ನಿಸಲು ಅಧಿಕಾರ, ಒಲ್ಲೆನೆನ್ನಲು ಧೈರ್ಯ ಇರಬೇಕು. ಇಲ್ಲದಿದ್ದರೆ ಅವನೂ ಯಂತ್ರದ ಒಂದು ಭಾಗವೇ.

ನಲವತ್ತಾರು ವರ್ಷಗಳ ಬಳಿಕ, 2011ರಲ್ಲಿ, ಹುಸೇನ್ ಮಡಿದ ಭಾರತೀಯ ವಿಮಾನಚಾಲಕರ ಮಗಳಿಗೆ ಸಂತಾಪದ ಪತ್ರ ಬರೆದರು. ಆಕೆ ಕ್ಷಮೆಯ ಉತ್ತರ ಕೊಟ್ಟರು. ಯಾವ ಯಂತ್ರವೂ ಅಂಥ ಪತ್ರವನ್ನು ನೊಂದು ಬರೆಯಲಾರದು. ನೋಯಲಾರದ್ದರ ಕೈಗೆ ಕೊಲ್ಲುವ ಅಧಿಕಾರವನ್ನು ಒಪ್ಪಿಸದಿರೋಣ.