ದುಡ್ಡು ಕೊಟ್ಟವರ ಹೆಸರು

ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರವರಿ 15ರಂದು ರದ್ದುಪಡಿಸಿದ ಸುಪ್ರೀಂ ಕೋರ್ಟಿನ ಪೀಠ, ಪಕ್ಷಗಳಿಗೆ ದುಡ್ಡು ಕೊಟ್ಟವರು ಯಾರೆಂದು ತಿಳಿಯುವ ಹಕ್ಕು ಮತದಾರರಿಗಿದೆ ಎಂದಿತು. ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚನ್ನು ಕಂಪನಿಗಳು ದೇಣಿಗೆ ಕೊಡಬಾರದೆಂಬ ಮಿತಿಯನ್ನು 2017ರಲ್ಲಿ ಕಿತ್ತುಹಾಕಿದ್ದನ್ನೂ ಅದು ಒಪ್ಪಲಿಲ್ಲ. ದೊಡ್ಡ ದೇಣಿಗೆಯ ಹಿಂದೆ ಪ್ರತಿಫಲದ ನಿರೀಕ್ಷೆ ಇರಬಹುದು ಎಂಬ ಅನುಮಾನ ಜನರದ್ದು ಮಾತ್ರವಲ್ಲ, ನ್ಯಾಯಾಲಯದ್ದೂ ಆಗಿತ್ತು. ಮತದಾರನಿಗೆ ಸಂದ ಈ ಹಕ್ಕು ಓದುಗನಿಗೂ ಸಲ್ಲಬೇಕು ಎಂಬುದು ನನ್ನ ವಾದ. ಸರ್ಕಾರ ಉದ್ಯಮಪತಿಗಳ ಪರ ವಾಲಿದೆಯೇ ಎಂದು ಅಳೆಯಲು ಜನರ ಕೈಯಲ್ಲಿರುವುದು ಸುದ್ದಿ. ಆ ಸುದ್ದಿಯ ಖರ್ಚನ್ನು ಯಾರು ಹೊರುತ್ತಾರೆಂಬುದೇ ಗೊತ್ತಿಲ್ಲದಿದ್ದರೆ ಅಳತೆಯನ್ನು ನಂಬುವುದು ಹೇಗೆ?

ನಮ್ಮಲ್ಲಿ ಪತ್ರಿಕಾ ಸ್ವಾತಂತ್ರ್ಯದ ಕಾನೂನು ಬೆಳೆದದ್ದು ಸರ್ಕಾರವನ್ನು ಎದುರಾಳಿಯೆಂದು ಎಣಿಸಿ. ಪುಟಗಳಿಗೆ ತಕ್ಕ ಬೆಲೆ ನಿಗದಿಪಡಿಸುವ ಕಾಯ್ದೆ 1961ರ ಸಕಾಳ್ ಪ್ರಕರಣದಲ್ಲಿ ಬಿದ್ದುಹೋಯಿತು; ಹತ್ತು ಪುಟಗಳ ಮಿತಿ ಹೇರಿದ ನ್ಯೂಸ್‌ಪ್ರಿಂಟ್ ನೀತಿ 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ನಿಲ್ಲಲಿಲ್ಲ. ಮೂರೇ ವರ್ಷಗಳಲ್ಲಿ ತುರ್ತುಪರಿಸ್ಥಿತಿ ಬಂತೆಂಬುದನ್ನು ನೆನೆದರೆ ಆ ತೀರ್ಪುಗಳ ಎಚ್ಚರ ಅನಗತ್ಯವಾಗಿತ್ತು ಎನ್ನಲಾಗದು. ಆದರೆ 1972ರಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು ಎತ್ತಿದ್ದ ಓದುಗರ ಹಕ್ಕಿನ ಪ್ರಶ್ನೆ ಅಲ್ಲೇ ಉಳಿಯಿತು. ಮುಂದೆ ಜಾಹೀರಾತು ಜಾಗಕ್ಕೆ ಪ್ರತಿಯಾಗಿ ಕಂಪನಿಗಳ ಷೇರು ಪಡೆಯುವ ‘ಪ್ರೈವೇಟ್ ಟ್ರೀಟಿ’ಗಳು ಬಂದವು, ಯಾರ ಬಗ್ಗೆ ವರದಿ ಮಾಡಬೇಕೋ ಅವರ ಲಾಭದಲ್ಲೇ ಪತ್ರಿಕೆ ಪಾಲುದಾರನಾಯಿತು. ಅಂಥ ಪಾಲಿದ್ದರೆ ವರದಿಯಲ್ಲೇ ತಿಳಿಸಬೇಕೆಂದು ಸೆಬಿ 2010ರಲ್ಲಿ ಹೇಳಿತು. (ಅಂಥ ಒಂದು ಸಾಲು ಓದಿದ ನೆನಪು ಎಷ್ಟು ಜನರಿಗಿದೆಯೋ!) ಅದೇ ವರ್ಷ ಕಾಸಿಗಾಗಿ ಸುದ್ದಿಯ ಕುರಿತು ಪ್ರೆಸ್ ಕೌನ್ಸಿಲ್ಲಿನ ಉಪಸಮಿತಿ ಬರೆದ 71 ಪುಟಗಳ ವರದಿಯನ್ನು ಕೌನ್ಸಿಲ್ ಪೂರ್ತಿ ಹೊರಬಿಡಲಿಲ್ಲ. ಅದು ಬೆಳಕಿಗೆ ಬಂದದ್ದು ಮರುವರ್ಷ, ಕೇಂದ್ರ ಮಾಹಿತಿ ಆಯೋಗದ ಆದೇಶದ ಮೇಲೆ.

ಓದುಗ ಕೊಡುವ ಬೆಲೆಯಲ್ಲಿ ಪತ್ರಿಕೆ ನಡೆಯುವುದಿಲ್ಲ, ಜಾಹೀರಾತು ಬೇಕೇ ಬೇಕು ಎನ್ನುವವರ ಮಾತು ನಿಜ. ಜಾಹೀರಾತು ನಿಲ್ಲಿಸಿ ಎಂದು ನಾನೂ ಹೇಳುತ್ತಿಲ್ಲ. ವರದಿಗಾರರಿಗೆ ಯಾರೂ ಹೀಗೇ ಬರೆಯಿರಿ ಎಂದು ಅಪ್ಪಣೆ ಕೊಡುವುದಿಲ್ಲ ಎಂಬ ಸಮಜಾಯಿಷಿಯೂ ಬಹುಮಟ್ಟಿಗೆ ಸರಿಯೇ. ಯಾವ ಊರಿಗೆ ವರದಿಗಾರನನ್ನೇ ಕಳಿಸಲಿಲ್ಲ ಎಂಬುದಕ್ಕೆ ಅಪ್ಪಣೆ ಬೇಕಾಗುವುದಿಲ್ಲವಷ್ಟೇ. ದೇವನಹಳ್ಳಿ ತಾಲ್ಲೂಕಿನ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈಯಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಾಗ ಅಲ್ಲಿಗೆ ಬರಬೇಕಿದ್ದ ಉದ್ಯಮ ಆಂಧ್ರದ ಪಾಲಾಗುತ್ತದೆಂಬ ಆತಂಕವೂ ಕೇಳಿಬಂತು. ಆತಂಕ ಸುಳ್ಳೆಂದು ನಾನು ಹೇಳಲಾರೆ. ಅದನ್ನು ಪ್ರಕಟಿಸುವ ಸಂಸ್ಥೆಗೆ ಭೂವ್ಯವಹಾರದಲ್ಲಿ ಪಾಲಿದೆಯೋ ಇಲ್ಲವೋ ತಿಳಿದರೆ ಓದುಗ ತಾನೇ ತೂಗಿ ನೋಡುತ್ತಾನೆ. ತಿಳಿಯದಿದ್ದಾಗ ಎಲ್ಲರೂ ಮಾರಾಟವಾದವರೆಂದು ತೀರ್ಮಾನಿಸುತ್ತಾನೆ. ಪ್ರಾಮಾಣಿಕ ವರದಿಗಾರನೂ ಆ ಲೆಕ್ಕದಲ್ಲೇ ಕೊಚ್ಚಿಹೋಗುತ್ತಾನೆ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಇಂಥ ಮಾಹಿತಿ ಸರ್ಕಾರದ ಕೈಗೆ ಬೆತ್ತವಾದೀತು. ಆದ್ದರಿಂದಲೇ ಅದು ಸಚಿವಾಲಯಕ್ಕೆ ಸಲ್ಲಿಸುವ ಕಡತವಾಗದೆ ಓದುಗರ ಮುಂದಿಡುವ ಪುಟವಾಗಬೇಕು, ಸರ್ಕಾರಿ ಜಾಹೀರಾತಿನ ಮೊತ್ತವೂ ಅಲ್ಲೇ ಇರಬೇಕು. ಇದಕ್ಕೆ ಹೊಸ ಪ್ರಾಧಿಕಾರ ಬೇಕಿಲ್ಲ. ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲುಳ್ಳವರ ಹೆಸರನ್ನು 2024ರವರೆಗೆ ಜಾರಿಯಲ್ಲಿದ್ದ 1956ರ ನಿಯಮಗಳಂತೆ ನಮೂನೆ 4ರಲ್ಲಿ ಪತ್ರಿಕೆಗಳು ವರ್ಷಕ್ಕೊಮ್ಮೆ, ಫೆಬ್ರವರಿ ಕಳೆದ ಮೇಲೆ, ಅಚ್ಚು ಹಾಕುತ್ತಿದ್ದವು. ಅಂಥದೇ ಪುಟದಲ್ಲಿ ದೊಡ್ಡ ಜಾಹೀರಾತುದಾರರ ಹೆಸರು, ಮೊತ್ತ, ಪತ್ರಿಕೆಯ ಕೈಯಲ್ಲಿರುವ ಷೇರುಗಳ ವಿವರ ಸೇರಲು ಕೆಲವು ಸಾಲು ಸಾಕು.