ಪುಸ್ತಕಕ್ಕೊಂದು ಮನೆ

(ಪೆನುಕೊಂಡ ಸೀಮೆಯ ಹಳ್ಳಿಯೊಂದರಲ್ಲಿ, ವಾಚನಾಲಯದ ಕಟ್ಟಡದ ವಿಚಾರಕ್ಕಾಗಿ ಕೂಡಿದ ಸಭೆಯಲ್ಲಿ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ. ಉಪಾಧ್ಯಾಯ ತರಬೇತಿಯ ಪ್ರಮಾಣಪತ್ರವೊಂದನ್ನು ನಂಬಿ, ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುತ್ತ ತಲೆ ನರೆತವನು. ಆದಕಾರಣ ಉಪದೇಶದಿಂದಲ್ಲ, ನನ್ನದೇ ಒಂದು ತಪ್ಪಿನಿಂದ ಮಾತನ್ನು ಆರಂಭಿಸುತ್ತೇನೆ.

ಹಲವು ವರ್ಷಗಳ ಹಿಂದೆ ನಾನಿದ್ದ ಊರಿನಲ್ಲಿ ಹಿರಿಯರೊಬ್ಬರು ತಮ್ಮ ಮನೆಯ ಕನ್ನಡ ಪುಸ್ತಕಗಳನ್ನೆಲ್ಲ ಶಾಲೆಗೆ ದಾನವಾಗಿ ಕೊಟ್ಟರು. ಮಕ್ಕಳು ಹರಿದಾರೆಂಬ ಭಯದಿಂದ ನಾನು ಅವುಗಳನ್ನು ಮರದ ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ಬೀರು ಗೋಡೆಗೆ ತಾಗಿತ್ತು. ಗೋಡೆ ಮಳೆಗೆ ನೆನೆಯುತ್ತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಕಥೆಯ ಪುಸ್ತಕ ಬೇಕೆಂದು ಕೇಳಿದಳು. ಬಾಗಿಲು ತೆರೆದು ನೋಡಿದರೆ ರಟ್ಟುಗಳು ಮಾತ್ರ ನಿಂತಿದ್ದವು. ನಡುವೆ ಗೆದ್ದಲಿನ ಮಣ್ಣು. "ಇರಲಿ ಬಿಡಿ ಸಾರ್" ಎಂದು ಅವಳು ಹೊರಟುಹೋದಳು. ಮತ್ತೆಂದೂ ಪುಸ್ತಕ ಕೇಳಲಿಲ್ಲ. ಕಾಪಾಡುತ್ತೇನೆಂದುಕೊಂಡ ನಾನೇ ಆ ಪುಸ್ತಕಗಳನ್ನು ಕೊಂದಿದ್ದೆನು.

ಮಹಾಜನರೇ, ನಮ್ಮ ಸೀಮೆ ಅಕ್ಷರಕ್ಕೆ ಬಡವಾದುದಲ್ಲ. ಪೆನುಕೊಂಡೆಯ ಕೋಟೆಯಲ್ಲಿ ಬುಕ್ಕರಾಯನ ಕಾಲದ 1354ರ ಶಾಸನವುಂಟು. 1565ರ ಯುದ್ಧದಲ್ಲಿ ವಿಜಯನಗರವು ಹಾಳಾದಾಗ ತಿರುಮಲರಾಯನು ಇಲ್ಲಿಯೇ ರಾಜಧಾನಿಯನ್ನು ಹೂಡಿದನು. ಗಗನಮಹಲು ಇಂದಿಗೂ ನಿಂತಿದೆ. ಮಡಕಶಿರಾ ಕಡೆಯ ಹೇಮಾವತಿಯೇ ನೊಳಂಬರ ಹೆಂಜೇರು. ಅವರ ವಂಶಾವಳಿಯನ್ನು ಹೇಳುವ ಕಂಬದ ಶಾಸನ ಆ ಊರಿನದು. ಕನ್ನಡ ಶಾಸನಗಳು ಅಲ್ಲಿ ಹಲವು. ಆ ಕಲ್ಲುಗಳೇ ನಮ್ಮ ಹಿರಿಯರ ಗ್ರಂಥಭಂಡಾರ. ಅವುಗಳಿಗೆ ಬೀಗವಿರಲಿಲ್ಲ. ದೇವಾಲಯಕ್ಕೆ ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು.

ಈಗ ಒಂದು ಕಟ್ಟಡದ ಕಥೆಯನ್ನು ಕೇಳಿರಿ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಕೆಂಪು ಬಣ್ಣದ ಒಂದು ಸುಂದರ ಭವನವಿದೆ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮಾರಕವದು. ಅದರ ಮುಂದೆ ಅವರ ಪ್ರತಿಮೆಯನ್ನು 1913ರಲ್ಲಿ ಅನಾವರಣ ಮಾಡಲಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರ ವೇಳೆಗೆ, ಆ ಭವನ ಸಾರ್ವಜನಿಕ ಗ್ರಂಥಾಲಯವಾಯಿತು. ಸತ್ತವರ ಹೆಸರಿಗೆ ಮಂಟಪ ಕಟ್ಟಿ ಬಾಗಿಲು ಹಾಕಬಹುದಾಗಿತ್ತು. ಹಾಗೆ ಮಾಡದೆ ಬದುಕಿರುವವರ ಓದಿಗೆ ಅದನ್ನು ತೆರೆದರು. 1965ರ ಕಾನೂನಿನ ತರುವಾಯ ಅದು ರಾಜ್ಯ ಕೇಂದ್ರ ಗ್ರಂಥಾಲಯವೆನಿಸಿತು. ಶೇಷಾದ್ರಿ ಅಯ್ಯರ್ ಅವರು ಹುಟ್ಟಿದ್ದು ಪಾಲ್ಘಾಟ್ ಸೀಮೆಯಲ್ಲಿ. ಅವರ ಹೆಸರಿನ ಮನೆಯಲ್ಲಿ ತುಂಬಿರುವುದು ಕನ್ನಡದ ಓದು. ಪುಸ್ತಕದ ಮನೆಯು ಜಾತಿಯನ್ನಾಗಲಿ ತಾಯ್ನುಡಿಯನ್ನಾಗಲಿ ಕೇಳಿ ಬಾಗಿಲು ತೆರೆಯುವುದಿಲ್ಲ.

ನಮ್ಮ ಕಲ್ಯಾಣದುರ್ಗದ ಕಡೆಯ ರಾಳ್ಲಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗನ್ನು ಬೋಧಿಸಿದರು, ಕನ್ನಡದಲ್ಲಿಯೂ ಬರೆದರು. ಕನ್ನಡದ ನಡುವೆ ತೆಲುಗಿಗೆ ಅಂತಹ ಪೀಠವಿದ್ದಿತು. ತೆಲುಗಿನ ನಡುವೆ ಕನ್ನಡಕ್ಕೆ ಒಂದು ಕಪಾಟನ್ನು ಕೇಳುವುದು ದ್ವೇಷವಲ್ಲ, ನ್ಯಾಯ. ತೆಲುಗು ಸೋದರರೊಡನೆ ಒಂದೇ ಕೆರೆಯ ನೀರು ಕುಡಿದು ಬಾಳಿದವರು ನಾವು.

ಈ ನ್ಯಾಯಕ್ಕೆ ಕಾನೂನಿನ ಆಧಾರವೂ ಉಂಟು. ನಮ್ಮ ಸೀಮೆ ಮದರಾಸು ಪ್ರಾಂತ್ಯದಲ್ಲಿದ್ದಾಗ, 1948ರಲ್ಲಿ, ಗ್ರಂಥಾಲಯ ಕಾಯಿದೆ ಬಂದಿತು. ಅದರ ಹಿಂದೆ ದುಡಿದವರು ಎಸ್. ಆರ್. ರಂಗನಾಥನ್. ಪುಸ್ತಕವು ಕಾಯುವ ಒಡವೆಯಲ್ಲ, ಬಳಸುವ ವಸ್ತು ಎಂಬುದೇ ಆ ಮಹನೀಯರ ಮೊದಲ ಸೂತ್ರದ ತಾತ್ಪರ್ಯ. ನನ್ನ ಬೀರುವಿನ ಮುಂದೆ ನಿಂತಾಗ ಅದರ ಅರ್ಥ ನನಗಾಯಿತು. 1953ರ ಅಕ್ಟೋಬರ್ 1ರಂದು ನಾವು ಆಂಧ್ರ ರಾಜ್ಯಕ್ಕೆ ಸೇರಿದೆವು. 1960ರಲ್ಲಿ ಆಂಧ್ರಪ್ರದೇಶಕ್ಕೆ ತನ್ನದೇ ಗ್ರಂಥಾಲಯ ಕಾಯಿದೆಯಾಯಿತು. ಅದರಂತೆ ನಾವು ಕಟ್ಟುವ ಮನೆ ಕಂದಾಯದ ಪ್ರತಿ ರೂಪಾಯಿಗೆ 8 ಪೈಸೆಯಷ್ಟು ಗ್ರಂಥಾಲಯ ಕರವೂ ಸೇರುತ್ತದೆ. ಕಂದಾಯ 500 ರೂಪಾಯಿಯಾದರೆ ಗ್ರಂಥಾಲಯದ ಪಾಲು 40 ರೂಪಾಯಿ. ಅಂತಹ 300 ಮನೆಗಳಿರುವ ಊರಿನಿಂದ ವರ್ಷಕ್ಕೆ 12,000 ರೂಪಾಯಿ. ಇದನ್ನು ಕನ್ನಡದ ಮನೆಯೂ ಕೊಡುತ್ತದೆ, ತೆಲುಗಿನ ಮನೆಯೂ ಕೊಡುತ್ತದೆ. ಕೊಟ್ಟ ಮೇಲೆ ಕೇಳುವುದು ಭಿಕ್ಷೆಯಲ್ಲ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ ಹೇಳುತ್ತದೆ. ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಊರಿನಲ್ಲಿ ಓದು ಸಿಕ್ಕದಿದ್ದರೆ ಅದು ನೀರಿಲ್ಲದ ಪೈರಿನಂತೆ ಒಣಗುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ಒಂದೇ ಕೋಣೆ ಸಾಕು. ಆದರೆ ಅಡಿಪಾಯ ನೆಲದಿಂದ ಮೇಲಿರಲಿ, ಸೂರು ಸೋರದಿರಲಿ. ಕಪಾಟುಗಳು ಕಬ್ಬಿಣದವಾಗಿರಲಿ, ಗೋಡೆಯಿಂದ ಗೇಣುದೂರ ನಿಲ್ಲಲಿ. ಎರಡನೆಯದು, ಮಕ್ಕಳ ಪುಸ್ತಕಗಳು ಮಕ್ಕಳ ಕೈಗೆಟಕುವ ಎತ್ತರದಲ್ಲಿರಲಿ. ಮೂರನೆಯದು, ಕೂಲಿಯಿಂದ ಮರಳಿದವರೂ ಬರುವಂತೆ ಸಂಜೆಯ ಹೊತ್ತು ಬಾಗಿಲು ತೆರೆದಿರಲಿ. ಹೆಣ್ಣುಮಕ್ಕಳು ನಿಸ್ಸಂಕೋಚವಾಗಿ ಕುಳಿತು ಓದುವಂತಿರಲಿ. ನಾಲ್ಕನೆಯದು, ಯಾರು ಯಾವ ಪುಸ್ತಕ ಒಯ್ದರೆಂದು ದಿನವೂ ಬರೆದಿಡೋಣ. ಆ ದಾಖಲೆ ಪುಸ್ತಕವನ್ನೇ ಹಿಡಿದು ಜಿಲ್ಲಾ ಗ್ರಂಥಾಲಯ ಸಂಸ್ಥೆಯ ಮುಂದೆ ನಿಲ್ಲೋಣ. ಇಷ್ಟು ಜನ ಕನ್ನಡ ಓದುವವರಿದ್ದಾರೆ ಎಂಬ ಲೆಕ್ಕಕ್ಕಿಂತ ಬಲವಾದ ಮನವಿ ಬೇರೆ ಇಲ್ಲ. ಓದುಗರಿಲ್ಲದೆ ಹಕ್ಕನ್ನು ಮಾತ್ರ ಕೂಗಿದರೆ ಯಾರು ನಂಬಿಯಾರು?

ತೆಲುಗು ಪುಸ್ತಕಗಳೂ ಅದೇ ಕೋಣೆಯಲ್ಲಿರಲಿ. ನಮ್ಮ ಮಕ್ಕಳು ಎರಡನ್ನೂ ಓದಲಿ, ಒಂದನ್ನು ಮರೆಯದಿರಲಿ.

ಪುಸ್ತಕ ಹರಿದೀತೆಂಬ ಭಯ ನನಗೀಗ ಇಲ್ಲ. ಓದಿ ಓದಿ ಹರಿದ ಪುಸ್ತಕಕ್ಕೆ ಅಂಟು ಹಚ್ಚಬಹುದು. ಗೆದ್ದಲು ತಿಂದುದಕ್ಕೆ ಮದ್ದಿಲ್ಲ. ಅಂದು ಆ ಹುಡುಗಿ ಬರಿಗೈಯಲ್ಲಿ ಹೋದಳು. ಅವಳಿಗೂ ಮಕ್ಕಳಾಗಿರಬೇಕು. ಅವರು ಯಾವ ಊರಿನಲ್ಲಿಯೇ ಇರಲಿ, ಪುಸ್ತಕ ಕೇಳಿದಾಗ ಕೊಡುವವರು ಅಲ್ಲಿರಲಿ. ನಮ್ಮ ಊರಿನ ಮಟ್ಟಿಗೆ ಆ ಭಾರವನ್ನು ಈ ಸಭೆ ಇಂದೇ ಹೊರಬೇಕೆಂದು ಪ್ರಾರ್ಥಿಸಿ, ಕೋಣೆಯ ತಳಪಾಯಕ್ಕೆ ನನ್ನ ಒಂದು ತಿಂಗಳ ಸಂಬಳವನ್ನು ಒಪ್ಪಿಸಿ, ನನ್ನ ಮಾತನ್ನು ಮುಗಿಸುತ್ತೇನೆ.