ಹೋಗುವ ದಾರಿ ಬರೆದೆ, ಬರುವ ದಾರಿ ಮರೆತೆ

ನಾನು ಪಂಜದವನು. ಸುತ್ತಮುತ್ತಲಿನ ಕಚೇರಿಗಳಿಗೆ ಕಂಪ್ಯೂಟರ್ ನೆಟ್‌ವರ್ಕ್ ಮಾಡಿಕೊಡುವ ಕೆಲಸ ನನ್ನದು. ಇವತ್ತು ಹೇಳುವುದು ನನ್ನದೇ ಒಂದು ತಪ್ಪಿನ ಕತೆ.

ನಮ್ಮ ಪಂಜ ಪೇಟೆಯಿಂದ ಕಡಬಕ್ಕೆ ಒಂದು ದಾರಿ, ಬೆಳ್ಳಾರೆಗೆ ಒಂದು, ಸುಬ್ರಹ್ಮಣ್ಯಕ್ಕೆ ಇನ್ನೊಂದು. ಹೊಸಬರು ಕೇಳಿದರೆ ಕೈ ತೋರಿಸಿ ಹೇಳ್ತೇವೆ. ಫೈರ್‌ವಾಲ್‌ನಲ್ಲಿ ಸ್ಟ್ಯಾಟಿಕ್ ರೂಟ್ ಅಂದ್ರೆ ಅದೇ. ಇಂಥ ಐಪಿ ವಿಳಾಸಗಳಿಗೆ ಹೋಗುವ ಡೇಟಾ ಇಂಥ ಕಡೆಯಿಂದ ಹೋಗಲಿ ಅಂತ ನಾವೇ ಬರೆದಿಡುವುದು. ಯಾವ ರೂಟೂ ಹೊಂದದಿದ್ದರೆ ಡಿಫಾಲ್ಟ್ ರೂಟ್, ಅಂದ್ರೆ ಸೀದಾ ಇಂಟರ್ನೆಟ್‌ಗೆ.

ಒಂದು ಸಂಸ್ಥೆಗೆ ಮುಖ್ಯ ಕಚೇರಿ, ಒಂದು ಶಾಖೆ. ಶಾಖೆಗಾಗಿ ಮುಖ್ಯ ಕಚೇರಿಯ ಫೈರ್‌ವಾಲ್‌ನಲ್ಲಿ 192.168.8.0/24 ಅಂತ ರೂಟ್ ಹಾಕಿದ್ದೆ. /24 ಅಂದ್ರೆ 256 ವಿಳಾಸ. ಮಳೆಗಾಲದಲ್ಲಿ ಶಾಖೆಗೆ ಹೊಸ ಕೌಂಟರ್ ಬಂತು. ಅದಕ್ಕೆ 192.168.9 ಸರಣಿ ಕೊಟ್ಟೆ, ಶಾಖೆಯ ಫೈರ್‌ವಾಲ್‌ನಲ್ಲಿ ಎಲ್ಲ ಬರೆದು ಮನೆಗೆ ಬಂದೆ.

ಮರುದಿನ ಹಳೆ ಕೌಂಟರ್ ಸರಿಯಾಗಿ ನಡೀತಾ ಇದೆ, ಹೊಸದಕ್ಕೆ ಸರ್ವರ್ ಸಿಗುವುದಿಲ್ಲ. ಅಡಿಕೆಯ ಹಣಕ್ಕೆ ಬಂದವರು ಕೊಡೆ ಮಡಚಿ ಕೂತಿದ್ದಾರೆ. ನಾನು ಲೈನ್ ತೊಂದರೆ ಅಂದುಬಿಟ್ಟೆ. ಕೇಬಲ್ ನೋಡುವ ಹುಡುಗ ಆ ಜಡಿಮಳೆಯಲ್ಲಿ ಕಂಬ ಹತ್ತಿ ನೋಡಿ ಬಂದ. "ಅಣ್ಣ, ಕೇಬಲ್ ಸರಿ ಉಂಟು. ಹಳೆ ಕೌಂಟರ್ ಕೂಡ ಇದರಲ್ಲೇ ಅಲ್ವಾ?" ಅಂದ. ನನಗೆ ಮಾತೇ ಹೊರಡಲಿಲ್ಲ.

ಮುಖ್ಯ ಕಚೇರಿಗೆ ಹೋಗಿ ಪ್ಯಾಕೆಟ್ ಕ್ಯಾಪ್ಚರ್ ಹಾಕಿದೆ. ಹೊಸ ಕೌಂಟರಿನ ವಿನಂತಿ ಸರ್ವರ್‌ವರೆಗೆ ಬರ್ತಿತ್ತು! ಉತ್ತರ ಮಾತ್ರ ಇಂಟರ್ನೆಟ್ ಕಡೆಗೆ ಹೊರಟಿತ್ತು. 9ರ ಸರಣಿಗೆ ಅಲ್ಲಿ ನಾನು ರೂಟ್ ಬರೆದೇ ಇರಲಿಲ್ಲ. 192.168 ವಿಳಾಸಗಳು ಖಾಸಗಿ ಬಳಕೆಗೆಂದೇ ಮೀಸಲು. ಇಂಟರ್ನೆಟ್‌ನಲ್ಲಿ ಅವಕ್ಕೆ ದಾರಿಯಿಲ್ಲ. ಕೆಲವು ಫೈರ್‌ವಾಲ್‌ಗಳು ಇನ್ನೂ ಕಟ್ಟುನಿಟ್ಟು. ಮರಳುವ ದಾರಿ ಹೊಂದದಿದ್ದರೆ ಬಂದ ಪ್ಯಾಕೆಟ್ಟನ್ನೇ ಬಿಸಾಡ್ತವೆ.

ರೂಟನ್ನು 192.168.8.0/23 ಮಾಡಿದೆ. 8 ಮತ್ತು 9 ಎರಡೂ ಸೇರಿ 512 ವಿಳಾಸ. ನೆನಪಿಡಿ, ಈ ಜೋಡಿ ಸಮಸಂಖ್ಯೆಯಿಂದಲೇ ಶುರುವಾಗಬೇಕು. 9 ಮತ್ತು 10 ಅನ್ನು ಹೀಗೆ ಸೇರಿಸಲಿಕ್ಕೆ ಆಗುವುದಿಲ್ಲ. ಒಂದೇ ವಿಳಾಸಕ್ಕೆ ಎರಡು ರೂಟ್ ಹೊಂದಿದರೆ ಹೆಚ್ಚು ಕಿರಿದಾದ ವ್ಯಾಪ್ತಿಯದ್ದೇ ಗೆಲ್ಲುತ್ತದೆ.

ಆದರೂ ಕೌಂಟರ್ ಓಡಲಿಲ್ಲ, ಮಾರಾಯ್ರೆ! ಫೈರ್‌ವಾಲ್ ಪಾಲಿಸಿಯಲ್ಲಿ ಹಳೆ ಸರಣಿಗೆ ಮಾತ್ರ ಅನುಮತಿ ಇತ್ತು. ದಾರಿ ತೋರಿಸುವುದು ಬೇರೆ, ಗೇಟು ತೆಗೆಯುವುದು ಬೇರೆ. ಅದನ್ನೂ ಸರಿಮಾಡಿದ ಮೇಲೆ ಕೂತಿದ್ದವರಿಗೆ ಹಣ ಸಿಕ್ಕಿತು.

ಈಗ ಯಾವ ಬದಲಾವಣೆಗೂ ಮೊದಲು ಪುಸ್ತಕದಲ್ಲಿ ಮೂರು ಸಾಲು ಬರೀತೇನೆ: ಹೋಗುವ ರೂಟ್, ಬರುವ ರೂಟ್, ಪಾಲಿಸಿ. ಮೂರಕ್ಕೂ ಟಿಕ್ ಬೀಳದೆ ಅಲ್ಲಿಂದ ಹೊರಡುವುದಿಲ್ಲ. ಆ ಹುಡುಗನಿಗೆ ಅವತ್ತೇ ತಪ್ಪಾಯ್ತು ಅಂತ ಹೇಳಿದೆ. ನೀವೂ ಯಾರನ್ನಾದರೂ ಮಳೆಯಲ್ಲಿ ಕಂಬ ಹತ್ತಿಸುವ ಮೊದಲು ಎರಡೂ ಕಡೆಯ ರೂಟ್ ಟೇಬಲ್ ನೋಡಿ.